ಕಪ್ಪಾದದ್ದು ಬೆಳ್ಳಿ

ಬೀದರಿನವಳು ಎಂಬ ಜಂಬ ನನಗೆ ಅಮೆರಿಕದ ರೆಡ್ಮಂಡಿಗೆ ಬಂದ ಮೇಲೇ ಹೆಚ್ಚಾದದ್ದು. ಸಿಯಾಟಲ್‌ನ ಲೋಹಕಲೆ ತರಗತಿಯಲ್ಲಿ ಪಕ್ಕದ ಮೇಜಿನ ಇರಾನಿ ಗೆಳತಿ ಕೂಡುಹುಬ್ಬಿನ ಹೆಣ್ಣಿನ ಮುಖವೊಂದನ್ನು ತಾಮ್ರದಲ್ಲಿ ಕೊರೆಯುತ್ತಿದ್ದಳು. ಇರಾನಿನಲ್ಲಿ ಕಾಜಾರ್ ದೊರೆಗಳ ಕಾಲದಲ್ಲಿ ಕೂಡಿದ ಹುಬ್ಬು, ತುಟಿಯ ಮೇಲಿನ ತೆಳು ಮೀಸೆ ಹೆಂಗಸರ ಚೆಲುವಿನ ಗುರುತಾಗಿದ್ದವು. "ನಿಮ್ಮ ಬಿದರಿ ನಮ್ಮಲ್ಲಿಂದ ಬಂದದ್ದಲ್ಲವೇ?" ಎಂದಳು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಈ ಬಿದರಿ, ಬಹಮನಿ ಸುಲ್ತಾನರ ಕಾಲಕ್ಕೆ ಇರಾನಿನಿಂದ ಬಂದ ವಿದ್ಯೆ ಎಂದು ನಮ್ಮೂರಲ್ಲೂ ಹೇಳುತ್ತಾರೆ. ಆದರೂ ಚುರುಕ್ಕೆಂದಿತು. ತೋರಿಸಿಯೇ ಬಿಡುತ್ತೇನೆಂದು ಪದಕ ಮಾಡಲು ಕೂತೆ.

ಊರಿಂದ ತಂದಿದ್ದ, ಇನ್ನೂ ಕಪ್ಪು ಬರಿಸದ ಬಿಲ್ಲೆಯಿತ್ತು: 16 ಪಾಲು ಸತುವಿಗೆ 1 ಪಾಲು ತಾಮ್ರ. ಬೆಳ್ಳಿ ತಗಡು ಕೂರಿಸಿ ಹೆಣ್ಣಿನ ಮುಖ ಮಾಡಿದೆ. ಕೂದಲಿಗೆ ಕಪ್ಪು, ಮುಖಕ್ಕೆ ಬೆಳ್ಳಿ. ಚಿಕ್ಕಂದಿನಲ್ಲಿ ಬಣ್ಣ ತಿಳಿಯಾಗಲೆಂದು ಕಡಲೆಹಿಟ್ಟು ತಿಕ್ಕಿಸಿಕೊಂಡ ಕಪ್ಪು ಹುಡುಗಿ ನಾನು; ಬೇರೆ ಥರ ಮಾಡಬಹುದೆಂದು ಹೊಳೆಯಲೇ ಇಲ್ಲ.

ಕಪ್ಪು ಬರಿಸುವುದೇ ಬಿದರಿಯ ಜೀವ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿಯಾದ ಬಿಲ್ಲೆಗೆ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕಸುಬುದಾರರು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಅಮೆರಿಕಕ್ಕೋ, ಪರವಾನಗಿಯಿಲ್ಲದೆ ಹೊರದೇಶದ ಮಣ್ಣು ತರುವಂತಿಲ್ಲ. ಕಪ್ಪು ಯಾವುದಾದರೇನು ಎಂದು ತರಗತಿಯಲ್ಲಿದ್ದ ಗಂಧಕದ ದ್ರಾವಣಕ್ಕೆ ಅದ್ದಿದೆ.

ಕಪ್ಪಾದದ್ದು ಬೆಳ್ಳಿ. ಸತು ಬೂದುಬಣ್ಣದಲ್ಲೇ ಉಳಿಯಿತು. ನನ್ನ ಸುಂದರಿಯ ಮುಖ ಇದ್ದಿಲು, ಕೂದಲು ಪೂರಾ ನರೆ! ಗಾಬರಿಯಲ್ಲಿ ಕೊಂಡಿಯನ್ನಾದರೂ ಬೆಸೆಯೋಣವೆಂದು ಬೆಂಕಿ ಹಿಡಿದೆ. ಬೆಳ್ಳಿ ಬೆಸುಗೆಗೆ 600 ಡಿಗ್ರಿ ದಾಟಬೇಕು. ಸತು 420ಕ್ಕೇ ಕರಗುತ್ತದೆ. ಬಿಲ್ಲೆಯ ಅಂಚು ಕುಸಿದು ಗಲ್ಲ ಸೊಟ್ಟಗಾಯಿತು.

ಗೆಳತಿ ನಕ್ಕಳು. "ಈಗ ನಿನ್ನ ಹಾಗೇ ಇದ್ದಾಳೆ. ಮೊದಲು ಯಾಕೆ ಬಿಳಿ ಮಾಡಿದ್ದೆ?"

ಕರಿಲೋಹದ ಊರಿನವಳೆಂದು ಮೆರೆದವಳು ಮುಖದಿಂದ ಮಾತ್ರ ಕರಿಯನ್ನು ದೂರವಿಟ್ಟಿದ್ದೆ. ಏನೆಂದು ಉತ್ತರಿಸಲಿ?

ಮುಂದಿನ ಬಿಲ್ಲೆಯಲ್ಲಿ ಮುಖವನ್ನು ಸತುವಿನಲ್ಲೇ ಬಿಡುತ್ತೇನೆ. ಬೆಳ್ಳಿ ತಂತಿ ಹುಬ್ಬಿಗೆ, ಮೂಗುಬೊಟ್ಟಿಗೆ ಅಷ್ಟೇ. ಕೊಂಡಿಗೆ ಬೆಸುಗೆಯ ಬದಲು ರಿವೆಟ್. ಕಪ್ಪು ಬರಿಸಲು ಬೀದರಿಗೇ ಹೋಗುವವರ ಕೈಯಲ್ಲಿ ಕಳಿಸುತ್ತೇನೆ. ಹುಬ್ಬನ್ನು ಕೂಡಿಸಬೇಕೋ ಬಿಡಿಸಬೇಕೋ ಎಂಬ ಜಗಳ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ಬಗೆಹರಿದಿಲ್ಲ.