ಶುಕ್ರವಾರದ ಸ್ಕ್ಯಾನು

ಸಾಫ್ಟ್‌ವೇರಿನಲ್ಲಿ ಕೆಲಸ ಅಂತ ಗೊತ್ತಾದರೆ ಸಾಕು, ನೆಂಟರು, ಅಕ್ಕಪಕ್ಕದವರು ತಮ್ಮ ಮನೆಯ ಅಷ್ಟೂ ವೈರುಗಳ ಜವಾಬ್ದಾರಿಯನ್ನು ನಮ್ಮ ಕೊರಳಿಗೆ ಕಟ್ಟುತ್ತಾರೆ. ಪ್ರಿಂಟರ್ ಯಾಕೆ ಗೊರಗೊರ ಅಂತಿದೆ, ವೈಫೈ ಯಾಕೆ ಅಡುಗೆಮನೆವರೆಗೆ ಬರಲ್ಲ, ಹತ್ತು ಸಾವಿರದೊಳಗೆ ಯಾವ ಫೋನು ಒಳ್ಳೇದು. ನಾನು ದಿನವಿಡೀ ಬರೆಯುವ ಕೋಡಿಗೂ ಪ್ರಿಂಟರಿನ ಹೊಟ್ಟೆನೋವಿಗೂ ಸಂಬಂಧವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ‘ಬಿಇ ಓದಿದ್ದಿ, ಇಷ್ಟು ಗೊತ್ತಿಲ್ವಾ?’ ಅಂತಾರೆ.

ಈ ಪಟ್ಟಿಯಲ್ಲಿ ಹದಿನೈದು ವರ್ಷಗಳಿಂದ ಬದಲಾಗದೆ ಉಳಿದಿರುವ ಪ್ರಶ್ನೆ ಒಂದೇ: ಮನೆ ಕಂಪ್ಯೂಟರನ್ನು ಎಷ್ಟು ದಿನಕ್ಕೊಮ್ಮೆ ವೈರಸ್ ಸ್ಕ್ಯಾನ್ ಮಾಡಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಇರುವ ಮಾಮೂಲಿ ಮನೆ ಕಂಪ್ಯೂಟರಿನಲ್ಲಿ ಚಿಕ್ಕ ಸ್ಕ್ಯಾನನ್ನು ಅದೇ ಮಾಡಿಕೊಳ್ಳುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಪೂರ್ತಿ ಸ್ಕ್ಯಾನು ತಿಂಗಳಿಗೊಮ್ಮೆ ಸಾಕು. ಏನೋ ಎಡವಟ್ಟಾಗಿದೆ ಅನ್ನಿಸಿದರೆ ತಿಂಗಳು ಕಾಯಬೇಡಿ, ಅವತ್ತೇ ಮಾಡಿ. ಇಷ್ಟೇ. ಆದರೆ ಈ ಉತ್ತರ ಕೊಟ್ಟು ಸುಮ್ಮನಾಗುವುದು ಸರಿಯಲ್ಲ ಅಂತ 2020ರಲ್ಲಿ ನಮ್ಮ ಮಾವನ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಅನ್ನಿಸಿದೆ.

ಅದಕ್ಕೆ ಮೊದಲು, ಈ ಸ್ಕ್ಯಾನ್ ಮಾಡುವ ಅಭ್ಯಾಸ ನಮಗೆ ಎಲ್ಲಿಂದ ಅಂಟಿಕೊಂಡಿತು ಅಂತ ನೋಡಬೇಕು. ಪಿಸಿಗಳಿಗೆ ಬಂದ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ 1986ರಲ್ಲಿ ಹುಟ್ಟಿದ್ದು ಲಾಹೋರಿನಲ್ಲಿ. ಅಣ್ಣತಮ್ಮ ಇಬ್ಬರು ಬರೆದದ್ದು. ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು! ಅದು ಹರಡುತ್ತಿದ್ದದ್ದು ಫ್ಲಾಪಿಯಿಂದ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಫ್ಲಾಪಿ ಹೋಗುವಷ್ಟೇ ಅದರ ವೇಗ. 1999ರ ಏಪ್ರಿಲ್ 26ಕ್ಕೆ ಸಿಡಿದ ‘ಚೆರ್ನೋಬಿಲ್’ ವೈರಸ್ಸಂತೂ ಆ ದಿನದವರೆಗೆ ಸದ್ದಿಲ್ಲದೆ ಒಳಗೆ ಕೂತಿತ್ತು. ದಿನ ಬಂದಾಗ ಹಾರ್ಡ್ ಡಿಸ್ಕಿನ ಮೇಲೆ ಕಸ ಬರೆದು, ಕೆಲವು ಕಂಪ್ಯೂಟರುಗಳ ಬಯೋಸನ್ನೂ ಕೆಡಿಸಿತು. ಇಂಥ ಕಾಲದಲ್ಲಿ ಆಗಾಗ ಸ್ಕ್ಯಾನ್ ಮಾಡುವುದಕ್ಕೆ ಅರ್ಥವಿತ್ತು. ವೈರಸ್ ನಿಧಾನವಾಗಿ ಬರುತ್ತಿತ್ತು, ಬಂದು ಸುಮ್ಮನೆ ಕೂರುತ್ತಿತ್ತು, ಸಿಡಿಯುವ ಮೊದಲು ಹಿಡಿಯಲು ನಮಗೆ ಸಮಯ ಸಿಗುತ್ತಿತ್ತು.

ಆಮೇಲೆ ಪೆನ್ ಡ್ರೈವ್ ಕಾಲ. ನಮ್ಮ ಹಾಸ್ಟೆಲ್‌ನಲ್ಲಿ ಒಂದು ಜಿಬಿಯ ಒಂದು ಪೆನ್ ಡ್ರೈವು ಇಡೀ ಫ್ಲೋರಿಗೆ ಆಸ್ತಿ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದರೆ ಒಳಗೊಂದು ‘ನ್ಯೂ ಫೋಲ್ಡರ್ ಡಾಟ್ ಇಎಕ್ಸ್ಇ’ ಗ್ಯಾರಂಟಿ. ನೋಡೋಕೆ ಥೇಟ್ ಫೋಲ್ಡರ್, ಕ್ಲಿಕ್ ಮಾಡಿದರೆ ಮುಗೀತು. ಜೊತೆಗೆ ಆಟೋರನ್ ಫೈಲು: ಪೆನ್ ಡ್ರೈವ್ ಚುಚ್ಚಿದ ಕೂಡಲೇ ತಾನೇ ಓಡುವಂಥದ್ದು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್ ಡ್ರೈವಿನ ಆಟೋರನ್ ನಿಲ್ಲಿಸುವ ಅಪ್‌ಡೇಟ್ ಕಳಿಸಿದ ಮೇಲೆ ಈ ಪೀಡೆ ಕಡಿಮೆಯಾಯಿತು. ಅಷ್ಟರಲ್ಲಿ ‘ಮೊದಲು ಸ್ಕ್ಯಾನ್ ಮಾಡು, ಆಮೇಲೆ ಓಪನ್ ಮಾಡು’ ಅನ್ನುವುದು ನಮ್ಮ ತಲೆಮಾರಿಗೆ ಕಾಲು ತೊಳೆದು ಮನೆಯೊಳಗೆ ಬರುವಷ್ಟೇ ಸಹಜವಾಗಿತ್ತು.

ಈಗ ಆಂಟಿವೈರಸ್ ಕೆಲಸ ಮಾಡುವ ರೀತಿ ಬೇರೆ. ಊರಿನ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ದಣಪೆಯ ಹತ್ತಿರ ಕಟ್ಟಿದ ನಾಯಿ ಒಂದು, ತಿಂಗಳಿಗೊಮ್ಮೆ ಬ್ಯಾಟರಿ ಹಿಡಿದು ಅಟ್ಟ ಹತ್ತಿ ನೋಡುವುದು ಇನ್ನೊಂದು. ಸದಾ ಎಚ್ಚರವಿದ್ದು ತೆರೆಯುವ, ಇಳಿಸಿಕೊಳ್ಳುವ ಪ್ರತಿ ಫೈಲನ್ನೂ ಮೂಸಿ ನೋಡುವ ‘ರಿಯಲ್ ಟೈಮ್ ಪ್ರೊಟೆಕ್ಷನ್’ ನಾಯಿ. ನಾವು ಬಟನ್ ಒತ್ತಿ ಮಾಡುವ ಫುಲ್ ಸ್ಕ್ಯಾನು ಅಟ್ಟದ ತಪಾಸಣೆ. ನಾಯಿ ನಿದ್ದೆ ಮಾಡಿದಾಗ ಒಳಗೆ ಬಂದದ್ದು, ಅಥವಾ ಬರುವಾಗ ನಾಯಿಗೆ ವಾಸನೆ ಗುರುತಿಲ್ಲದೆ ಈಗ ಗುರುತು ಸಿಕ್ಕಿರುವುದು ಅಟ್ಟದಲ್ಲಿ ಕೂತಿದೆಯಾ ಅಂತ ನೋಡುವುದು. ಇವೆರಡರ ಮಧ್ಯೆ ಕ್ವಿಕ್ ಸ್ಕ್ಯಾನ್: ಮೆಮೊರಿ, ಕಂಪ್ಯೂಟರ್ ಶುರುವಾಗುವಾಗ ಓಡುವ ಪ್ರೋಗ್ರಾಮುಗಳು, ರಿಜಿಸ್ಟ್ರಿ, ಹೀಗೆ ವೈರಸ್ ಬೇರು ಬಿಡುವ ಜಾಗಗಳನ್ನಷ್ಟೇ ನೋಡುತ್ತದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಇದನ್ನು ನೀವು ಕಾಫಿಗೆ ಎದ್ದು ಹೋದಾಗ ತಾನೇ ಮುಗಿಸಿರುತ್ತದೆ.

ಇನ್ನು ಮಾವನ ಕಥೆ.

ಮಾವನದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಕಂಪ್ಯೂಟರ್ ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ತಾವೇ. ಪಹಣಿ ನೋಡೋದು, ಅಡಿಕೆ ಧಾರಣೆ ನೋಡೋದು, ಮತ್ತೆ ಮುಖ್ಯವಾಗಿ ಅತ್ತೆಯ ಹಾಡು ಬರೆಯೋದು. ಅತ್ತೆಗೆ ಮದುವೆ ಮನೆಯ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಲೆಕ್ಕವಿಲ್ಲದಷ್ಟು ಬಾಯಿಗೆ ಬರುತ್ತಿದ್ದವು. ಎಲ್ಲೂ ಬರೆದಿಟ್ಟವರಲ್ಲ. ಎರಡು ಮಳೆಗಾಲ ಮಾವ ಬರಹದಲ್ಲಿ ಕೂತು, ಅತ್ತೆ ಹಾಡಿದ್ದನ್ನು ಒಂದೊಂದೇ ಸಾಲು ಟೈಪ್ ಮಾಡಿದ್ದರು. ನೂರ ಎಪ್ಪತ್ತು ಚಿಲ್ಲರೆ ಹಾಡು, ಒಂದೊಂದಕ್ಕೂ ಒಂದೊಂದು ಫೈಲು. 2019ರಲ್ಲಿ ಅತ್ತೆ ಹೋದರು.

ಮಾವನ ಶಿಸ್ತು ನನಗಿಲ್ಲ. ಪ್ರತಿ ಶುಕ್ರವಾರ ದೇವರಿಗೆ ದೀಪ ಹಚ್ಚಿ, ಕಾಫಿ ಕುಡಿದು, ಫುಲ್ ಸ್ಕ್ಯಾನ್ ಕೊಟ್ಟು ತೋಟಕ್ಕೆ ಹೋಗುವರು. ಮಧ್ಯಾಹ್ನ ಬಂದು ಹಸಿರು ಟಿಕ್ ನೋಡಿದ ಮೇಲೇ ಊಟ.

2020ರ ಲಾಕ್‌ಡೌನಿನಲ್ಲಿ ಮಾವನ ಮಗ ಕಾಲೇಜಿಲ್ಲದೆ ಮನೆಯಲ್ಲಿದ್ದ. ಯಾವುದೋ ಪ್ರಾಜೆಕ್ಟಿಗೆ ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ, ಹಾಗಾಗಿ ಕ್ರ್ಯಾಕ್ ಹುಡುಕಿದ. ಅದರ ಜೊತೆಗಿದ್ದ ಚೀಟಿಯಲ್ಲಿ ಮೊದಲ ಸಾಲೇ ‘ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ’ ಎಂದು. ಮಾಡಿದ. ದಣಪೆಯ ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆಗೆದು, ಬನ್ನಿ ಅಂದ ಹಾಗೆ. ಅವತ್ತು ಮಂಗಳವಾರ.

ಸಂಜೆಯೊಳಗೆ ಎಲ್ಲ ಫೈಲುಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರದ ಬಾಲ ಬೆಳೆದಿತ್ತು. ಪ್ರತಿ ಫೋಲ್ಡರಿನಲ್ಲಿ ಒಂದು ರೀಡ್‌ಮೀ ಪತ್ರ: ನಿಮ್ಮ ಫೈಲುಗಳನ್ನು ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ, ಅಂದರೆ 490ಕ್ಕೆ ಕೊಡುತ್ತೇವೆ. ಜವಳಿ ಅಂಗಡಿಯ ಆಷಾಢ ಸೇಲಿನ ಧಾಟಿ. ‘ಸ್ಟಾಪ್’ ಅಥವಾ ‘ಡೆಜಾವು’ ಹೆಸರಿನ ರ‍್ಯಾನ್ಸಮ್‌ವೇರ್ ಕುಟುಂಬ ಇದು. ದೊಡ್ಡ ಕಂಪನಿಗಳ ತಂಟೆಗೆ ಹೋಗದೆ, ಕ್ರ್ಯಾಕ್ ಹುಡುಕುವ ಮನೆಮಂದಿಯನ್ನೇ ಹಿಡಿದು ಬದುಕುವಂಥದ್ದು.

ನಾನೂ ಆಗ ಮನೆಯಿಂದ ಕೆಲಸ ಅಂತ ಊರಲ್ಲೇ ಇದ್ದೆ. ಹೋದೆ. ಮಾವ ಜಗುಲಿಯಲ್ಲಿ ಕೂತಿದ್ದರು.

‘ಪ್ರತಿ ಶುಕ್ರವಾರ ಸ್ಕ್ಯಾನ್ ಮಾಡ್ತಿದ್ನಲ್ಲ ಮಾರಾಯ. ಆದ್ರೂ ಹಿಂಗ್ ಎಂತಕ್ಕಾಯ್ತು?’

ಇದಕ್ಕೆ ನಾನು ಏನು ಹೇಳಲಿ? ಕಂಪ್ಯೂಟರಿಗೆ ಮತ್ತೆ ಸ್ಕ್ಯಾನ್ ಕೊಟ್ಟೆವು. ಒಂದೇ ಸಲಕ್ಕೆ ಸಿಕ್ಕಿಬಿತ್ತು, ತೆಗೆದೂ ಹಾಕಿತು. ಹಸಿರು ಟಿಕ್ ಬಂತು. ಹಾಡುಗಳು ಮಾತ್ರ ಬೀಗದೊಳಗೇ ಇದ್ದವು. ಸ್ಕ್ಯಾನ್ ಮಾಡಿದರೆ ವೈರಸ್ ಹೋಗುತ್ತದೆ. ವೈರಸ್ ಮಾಡಿದ ಕೆಲಸ ಹೋಗುವುದಿಲ್ಲ. ಇದು ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವರೇ ಹೇಳಿದರು, ‘ಅಂದ್ರೆ ಕೊಳೆ ಇದ್ದಂಗೆ.’

ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೆಂಗಳೂರಿನ ಓದುಗರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಕಾಯಿ ಉದುರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಕೊನೆಗೌಡನನ್ನು ಮರ ಹತ್ತಿಸಿ ಒಂದು ಸಲ ಹೊಡೆಸಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. ಕೊಳೆ ಬಂದ ಮೇಲೆ ಹೊಡೆದರೆ ಉಳಿದ ಕಾಯಿ ಉಳಿದೀತು, ಉದುರಿದ್ದು ಮರಕ್ಕೆ ಮತ್ತೆ ಅಂಟುವುದಿಲ್ಲ. ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಉದುರಿದ ಕಾಯಿ ಎಣಿಸಿದರೆ ಕೊಳೆ ನಿಲ್ಲುವುದೂ ಇಲ್ಲ.

ಕಂಪ್ಯೂಟರಿನ ಬೋರ್ಡೋ ಅಂದರೆ ಅಪ್‌ಡೇಟು. 2017ರ ಮೇ 12ರಂದು ಶುರುವಾದ ‘ವಾನ್ನಾಕ್ರೈ’ ದಾಳಿಯಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು. ಮಧ್ಯೆ ಸುಮಾರು ಎರಡು ತಿಂಗಳು. ಆ ಎರಡು ತಿಂಗಳಲ್ಲಿ ‘ರಿಮೈಂಡ್ ಮಿ ಲೇಟರ್’ ಒತ್ತಿದವರು ಎಷ್ಟು ಜನವೋ.

ಮಾವನ ಫೈಲುಗಳಿಗೆ ಬರೋಣ. ದುಡ್ಡು ಕೊಡುವ ಯೋಚನೆ ಮಾವನೇ ಬೇಡ ಅಂದರು. ‘ನೋ ಮೋರ್ ರ‍್ಯಾನ್ಸಮ್’ ಎಂಬ ಜಾಲತಾಣವಿದೆ, ಯುರೋಪಿನ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಮಾಡಿದ್ದು; ಬೀಗದ ಮಾದರಿ ಗುರುತಿಸಿ, ಕೀಲಿ ಇದ್ದರೆ ಪುಕ್ಕಟೆ ಕೊಡುತ್ತದೆ. ಈ ಕುಟುಂಬದ ಹಳೆಯ ತಳಿಗಳಿಗೆ 2019ರ ಅಕ್ಟೋಬರಿನಲ್ಲೇ ಉಚಿತ ಕೀಲಿ ಬಂದಿತ್ತು. ಮಾವನದು ಹೊಸ ತಳಿ. ಪ್ರತಿ ಕಂಪ್ಯೂಟರಿಗೂ ಬೇರೆ ಕೀಲಿ, ಅದು ಕಳ್ಳರ ಹತ್ತಿರ ಮಾತ್ರ. ಹೊಂದಲಿಲ್ಲ.

ಒಂದು ಸಣ್ಣ ಸಂದು ಇತ್ತು. ಈ ರ‍್ಯಾನ್ಸಮ್‌ವೇರ್ ಬೇಗ ಬೇಗ ಕೆಲಸ ಮುಗಿಸಲು ಪ್ರತಿ ಫೈಲಿನ ಮೊದಲ 150 ಕಿಲೋಬೈಟನ್ನು ಮಾತ್ರ ಕೆಡಿಸುತ್ತದೆ. ಹಾಡಿನ ಫೈಲುಗಳು ಅದಕ್ಕಿಂತ ಚಿಕ್ಕವು, ಹಾಗಾಗಿ ಪೂರ್ತಿ ಹೋದವು. ಆದರೆ ದೊಡ್ಡ ವಿಡಿಯೋಗಳ ತಲೆ ಮಾತ್ರ ಹೋಗಿ ಮೈ ಉಳಿದಿರುತ್ತದೆ. ಅದೇ ಫೋನಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೋ ಮಾದರಿಗೆ ಸಿಕ್ಕರೆ ಹೊಸ ತಲೆ ಕಟ್ಟುವ ಟೂಲುಗಳಿವೆ. ಮಾವನ ಹಳೆಯ ಫೋನು ಇನ್ನೂ ಬದುಕಿತ್ತು. ಕೊಟ್ಟಿಗೆಗೆ ಹೋಗಿ ಗೌರಿ ಹುಲ್ಲು ಮೇಯುವುದನ್ನು ಅರ್ಧ ನಿಮಿಷ ಶೂಟ್ ಮಾಡಿಕೊಂಡು ಬಂದೆ. ಆ ದನದ ವಿಡಿಯೋ ಮಾದರಿ ಇಟ್ಟುಕೊಂಡು, 2018ರ ಒಂದು ಉಪನಯನದ ವಿಡಿಯೋ ಎದ್ದು ಬಂತು. ಮೊದಲ ಕೆಲವು ಸೆಕೆಂಡು ಇಲ್ಲ. ಆಮೇಲೆ ಹೆಂಗಸರ ಗುಂಪು, ಹೊಗೆ, ಗಲಾಟೆ, ಅದರ ಮಧ್ಯೆ ಅತ್ತೆಯ ದನಿ. ಮೂರು ಹಾಡು.

ಮಾವ ಹೆಡ್‌ಫೋನ್ ಹಾಕಿಕೊಂಡು ಅದನ್ನು ಮತ್ತೆ ಟೈಪ್ ಮಾಡಿದರು. ಯಾರದೋ ಮದುವೆಗೆಂದು ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಹನ್ನೊಂದು ಹಾಡು ಒಬ್ಬ ನೆಂಟರ ಮನೆಯ ಟ್ರಂಕಿನಲ್ಲಿ ಸಿಕ್ಕಿದವು. ಒಟ್ಟು ಹದಿನಾಲ್ಕು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೈಯಿರಿ ಅಂತ ನಾನೇ ಹೇಳಿದೆ. ‘ಬೈದ್ರೆ ಹಾಡು ಬರ್ತದಾ?’ ಅಂದರು ಮಾವ.

ಬೀಗ ಬಿದ್ದ ಫೈಲುಗಳನ್ನು ಅಳಿಸಿಲ್ಲ, ಬೇರೆ ಡಿಸ್ಕಿಗೆ ಹಾಕಿಟ್ಟಿದ್ದೇವೆ. ಕಳ್ಳರು ಸಿಕ್ಕಿಬಿದ್ದು ಕೀಲಿಗಳು ಹೊರಬಂದ ಉದಾಹರಣೆಗಳಿವೆ. ಇನ್ನೊಂದು ಕೆಲಸವನ್ನೂ ಅವತ್ತೇ ಮಾಡಿದೆವು: ಈ ಜಾತಿಯವು ಪಾಸ್‌ವರ್ಡ್ ಕದಿಯುವ ಜೊತೆಗಾರರನ್ನೂ ಕರೆತರುವುದುಂಟು, ಅದಕ್ಕೆ ಬೇರೆ ಕಂಪ್ಯೂಟರಿನಿಂದ ಮೇಲ್, ಬ್ಯಾಂಕ್ ಎಲ್ಲದರ ಪಾಸ್‌ವರ್ಡ್ ಬದಲಿಸಿದೆವು. ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದೆವು.

ಮಾವನ ಶುಕ್ರವಾರ ಈಗಲೂ ಇದೆ, ಕೆಲಸ ಬೇರೆ. ದೀಪ ಹಚ್ಚಿ, ಕಾಫಿ ಕುಡಿದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿ, ಕಾಪಿ ಮಾಡಿ, ತೆಗೆದು ಕಪಾಟಿನಲ್ಲಿಡುತ್ತಾರೆ. ತೆಗೆಯುವುದು ಮುಖ್ಯ, ಚುಚ್ಚಿಯೇ ಇಟ್ಟರೆ ಬೀಗ ಅದಕ್ಕೂ ಬೀಳುತ್ತದೆ. ಇಂಥದ್ದೇ ಇನ್ನೊಂದು ಡಿಸ್ಕ್ ನಮ್ಮ ಅಮ್ಮನ ಹತ್ತಿರ ಇದೆ, ಹಬ್ಬಕ್ಕೆ ಬಂದಾಗ ಅದಲು ಬದಲು. ನಮ್ಮ ವೃತ್ತಿಯಲ್ಲಿ ಇದಕ್ಕೆ 3-2-1 ಅನ್ನುತ್ತೇವೆ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ.

ಹಾಗಾದರೆ ಸ್ಕ್ಯಾನು? ಮಾಡಿ. ಆದರೆ ಎರಡು ಆಂಟಿವೈರಸ್ ಹಾಕಿಕೊಂಡು ಜಗಳ ಹಚ್ಚಬೇಡಿ. ಯಾರು ಏನೇ ಹೇಳಿದರೂ ಆಫ್ ಮಾಡಬೇಡಿ. ತಿಂಗಳ ಮೊದಲ ಭಾನುವಾರ ಫುಲ್ ಸ್ಕ್ಯಾನ್ ಕೊಟ್ಟು ಸಿನಿಮಾಕ್ಕೆ ಹೋಗಿ. ತುಂಬಾ ಅನುಮಾನವಿದ್ದರೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಇದೆ. ವಿಂಡೋಸ್ ಏಳುವ ಮೊದಲೇ, ವೈರಸ್ಸಿಗೆ ಅವಿತುಕೊಳ್ಳಲು ಅವಕಾಶ ಕೊಡದೆ ನೋಡುತ್ತದೆ. ಸುಮಾರು 15 ನಿಮಿಷದ ಕೆಲಸ.

ಮತ್ತೆ, ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಬೇಕು ಅಂತ ಕೇಳಿದವರಿಗೆ ನಾನೀಗ ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ: ಈ ಕ್ಷಣ ನಿಮ್ಮ ಡಿಸ್ಕ್ ಹೋದರೆ, ಬೇರೆಲ್ಲೂ ಸಿಗದೇ ಇರುವಂಥದ್ದು ಅದರಲ್ಲಿ ಏನಿದೆ? ಮೊನ್ನೆ ಆಫೀಸ್ ಕಾಲಿನ ಮಧ್ಯೆ ಸಹೋದ್ಯೋಗಿಯೊಬ್ಬಳು ಇದನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಮಗಳ ನಾಲ್ಕು ವರ್ಷ’ ಅಂದಳು. ಒಂದು ಟಿಬಿ ಡಿಸ್ಕಿಗೆ ಎಷ್ಟಾಗುತ್ತೆ ಅಂತ ಅವತ್ತೇ ಸಂಜೆ ಮೆಸೇಜ್ ಬಂತು.