ಸಂದರ್ಶಕರ ಮಾತಿನ ರೀತಿ

ಉದ್ಯೋಗಾರ್ಥಿಯನ್ನು ಕರೆಸಿ ಮಾತನಾಡಿಸಿ ಪರೀಕ್ಷಿಸುವುದಕ್ಕೆ ‘ಸಂದರ್ಶನ’ವೆಂದು ಹೆಸರು. ‘ಸಮ್’ ಎಂಬ ಉಪಸರ್ಗಕ್ಕೆ ಚೆನ್ನಾಗಿ ಎಂಬ ಅರ್ಥವೂ ಒಡನೆ ಎಂಬ ಅರ್ಥವೂ ಉಂಟು. ಮೇಜಿನ ಆಚೆ ಕುಳಿತವರು ಮೊದಲನೆಯದನ್ನೇ ಹಿಡಿದು, ನೋಡತಕ್ಕವರು ತಾವು ಮಾತ್ರ ಎಂದು ಭಾವಿಸುವರು. ಈಚೆ ಕುಳಿತವನಿಗೂ ಕಣ್ಣು ಕಿವಿಗಳಿವೆಯಷ್ಟೆ.

ನಾನು ಸಂಸ್ಕೃತೋಪಾಧ್ಯಾಯ ವೃತ್ತಿಯನ್ನು ಅರಸುತ್ತಿದ್ದ ಕಾಲದಲ್ಲಿ ಒಂದು ವಿದ್ಯಾಸಂಸ್ಥೆಯವರು ನನ್ನನ್ನು ಕರೆಸಿದರು. ಐವರು ಮಹನೀಯರಿದ್ದರು, ಕುಳಿತುಕೊಳ್ಳಿರೆಂದವರು ಒಬ್ಬರೂ ಇಲ್ಲ. ಒಬ್ಬರು ನನ್ನ ಪ್ರಮಾಣಪತ್ರಗಳಿಂದಲೇ ಗಾಳಿ ಬೀಸಿಕೊಳ್ಳುತ್ತ, “ಈ ಕಾಲದಲ್ಲಿ ಸಂಸ್ಕೃತ ಯಾರಿಗೆ ಬೇಕು ಸ್ವಾಮಿ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವರೊಡನೆ ಕಾಫಿಯ ವಿಚಾರಕ್ಕೆ ತೊಡಗಿದರು. ಪ್ರಶ್ನೆ ಕೆಟ್ಟದ್ದಲ್ಲ; ಉತ್ತರಕ್ಕೆ ಕಿವಿಗೊಡದಿದ್ದುದು ಕೆಟ್ಟದ್ದು. ಮತ್ತೊಂದೆಡೆ ವೃದ್ಧರಾದ ಮುಖ್ಯೋಪಾಧ್ಯಾಯರು ಮೊದಲು ನೀರು ಕೊಡಿಸಿದರು. ಆಮೇಲೆ ಸಂಧಿಸಮಾಸಗಳಲ್ಲಿ ಮುಕ್ಕಾಲು ಗಂಟೆ ಬೆವರಿಳಿಸಿದರು! ನಾನು ತಡವರಿಸಿದಾಗ, “ನಿಧಾನವಾಗಿ ಯೋಚಿಸಿ ಹೇಳಿ” ಎಂದು ಕಾದರು. ಪ್ರಶ್ನೆಗಳ ಕಾಠಿನ್ಯದಿಂದ ನನ್ನ ಗೌರವವು ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಸಂಬಳ ಕಡಮೆಯಾದರೂ ಅಲ್ಲಿಯೇ ಸೇರಿದೆನು.

ಕೇಂದ್ರ ಲೋಕಸೇವಾ ಆಯೋಗದವರ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ಅಂಕಗಳು ಈ ಮಾತುಕತೆಗೇ ಮೀಸಲು. ಅದು ಪಾಟೀಸವಾಲಲ್ಲ, ಉದ್ದೇಶವುಳ್ಳ ಸಹಜ ಸಂಭಾಷಣೆಯೆಂದು ಅವರ ಪ್ರಕಟಣೆಯೇ ಸಾರುತ್ತದೆ. ಪಾಟೀಸವಾಲಿಗೆ ಸಿಕ್ಕಿದವನು ತನ್ನನ್ನು ಕಾಪಾಡಿಕೊಳ್ಳುವುದರಲ್ಲಿಯೇ ಮಗ್ನನಾಗುವನು. ಅವನ ಯೋಗ್ಯತೆಯು ಹೊರಬೀಳುವುದೆಂತು?

ಸಂಸ್ಥೆಯ ಒಳಗು ಅರ್ಜಿದಾರನಿಗೆ ತಿಳಿಯದು. ಆದುದರಿಂದ ಸ್ಥಾಲೀಪುಲಾಕ ನ್ಯಾಯದಂತೆ, ಒಂದು ಅಗುಳನ್ನು ಹಿಸುಕಿ ಅನ್ನವನ್ನೆಲ್ಲ ಅಳೆಯುವಂತೆ, ಸಂದರ್ಶಕನ ನುಡಿಯಿಂದ ಇಡೀ ಸಂಸ್ಥೆಯನ್ನು ಅಳೆಯುತ್ತಾನೆ. ಈ ನ್ಯಾಯವು ಅಡಿಗೆಮನೆಯಲ್ಲಿ ಎಂದೂ ತಪ್ಪದು. ಕಛೇರಿಯಲ್ಲಿ ಮಾತ್ರ ಒಂದು ಶಂಕೆ: ತೋರಿಸುವುದಕ್ಕೆಂದೇ ಬೇಯಿಸಿಟ್ಟ ಅಗುಳೂ ಇರಬಹುದು.

ಹೋದ ವರ್ಷ ನನ್ನ ಹಳೆಯ ಶಿಷ್ಯೆಯೊಬ್ಬಳು ಎರಡು ಉದ್ಯೋಗಪತ್ರಗಳನ್ನು ಹಿಡಿದುಕೊಂಡು ಬಂದಳು. “ಮೇಷ್ಟ್ರೇ, ಒಂದು ಕಡೆಯವರು ನಗುನಗುತ್ತ ಮನೆಯವರಂತೆ ಮಾತನಾಡಿದರು. ಇನ್ನೊಂದು ಕಡೆಯ ಅಧಿಕಾರಿಣಿ ಬಲು ಬಿಗಿ, ಒಮ್ಮೆಯೂ ನಗಲಿಲ್ಲ” ಎಂದಳು. ಮನೆಯಲ್ಲಿ ತಂದೆಗೆ ಕಾಯಿಲೆ, ಇವಳ ಸಂಬಳವೇ ಆಧಾರ. ಆರು ತಿಂಗಳಿಗೆ ಬಿಟ್ಟುಬರುವ ಕೆಲಸಕ್ಕೆ ಸೇರುವಂತಿರಲಿಲ್ಲ.

“ಕೆಲಸದ ವೇಳೆಯನ್ನೂ ರಜೆಯನ್ನೂ ನೀನು ವಿಚಾರಿಸಿದಾಗ ಅವರು ಏನೆಂದರಮ್ಮ?” ಎಂದೆನು.

“ನಕ್ಕವರು, ಅದೆಲ್ಲ ಆಮೇಲೆ ನೋಡೋಣ ಎಂದರು. ಆಕೆ ಲೇಖನಿಯನ್ನು ಕೆಳಗಿಟ್ಟು ಒಂದೊಂದನ್ನೂ ಬಿಡಿಸಿ ಹೇಳಿದರು. ಯಾವ ತಿಂಗಳಲ್ಲಿ ಕೆಲಸ ಹೆಚ್ಚೆಂಬುದನ್ನೂ ತಿಳಿಸಿದರು.”

ಇಷ್ಟು ಹೇಳಿ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ನಗದವರ ಪತ್ರವನ್ನು ಮೇಲಕ್ಕಿಟ್ಟು, ಎರಡನ್ನೂ ಮಡಿಸಿ ಚೀಲದಲ್ಲಿರಿಸಿಕೊಂಡಳು.