ಗೊಟ್ಟಿಗೆರೆಯಿಂದ ಹೊರಟ ಅಕ್ಷರ

ಬನ್ನೇರುಘಟ್ಟಕ್ಕೆ ಹೋಗುವ 365ನೇ ನಂಬರಿನ ಬಸ್ಸು ಡೈರಿ ಸರ್ಕಲ್ ದಾಟಿತೆಂದರೆ ಬೆಂಗಳೂರು ತೆಳ್ಳಗಾಗುತ್ತಿದ್ದ ಕಾಲ. ತೊಂಬತ್ತರ ದಶಕದ ನಡುಭಾಗ. ಬಿ.ವಿ. ದೋಶಿಯವರ ಐಐಎಂ ಕಲ್ಲುಕಟ್ಟಡ ಹಿಂದೆ ಸರಿದ ಮೇಲೆ ಅರಕೆರೆ, ಹುಳಿಮಾವು, ಮೀನಾಕ್ಷಿ ದೇವಸ್ಥಾನ. ನಡುನಡುವೆ ತೆಂಗು, ಹೊಲ, ಅಲ್ಲೊಂದು ಇಲ್ಲೊಂದು ಸೈಟು ಮಾರುವವರ ಬೋರ್ಡು. ಕಿಟಕಿ ಪಕ್ಕ ಕೂತ ನನ್ನ ಕಣ್ಣು ಮಾತ್ರ ರಸ್ತೆ ಬದಿಯ ಟೆಲಿಫೋನ್ ತಂತಿಯ ಮೇಲೆ. ಕಂಬದಿಂದ ಕಂಬಕ್ಕೆ ಜೋತು, ಮತ್ತೆ ಏರಿ, ಹೊಂಗೆ ಕೊಂಬೆಗಳ ಸಂದಿನಲ್ಲಿ ನುಸುಳಿ, ಬಸ್ಸಿನ ಜೊತೆಜೊತೆಗೇ ಅದೂ ಗೊಟ್ಟಿಗೆರೆಗೆ ಹೊರಟಿತ್ತು. ನಮ್ಮ ಕೆಲಸ ಇದ್ದದ್ದು ಆ ತಂತಿಯ ತುದಿಯಲ್ಲಿ.

ಜಯನಗರದ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ನಾನಾಗ ಹೊಸಬ. ಜೊತೆಗಿದ್ದವರು ಹಿರಿಯ ಎಂಜಿನಿಯರ್. ಅಂಗಡಿಯಲ್ಲಿ ಎಲ್ಲರೂ ಅವರನ್ನು ಗುರುಗಳೇ ಎಂದು ಕರೆಯುತ್ತಿದ್ದರು. ಗೊಟ್ಟಿಗೆರೆ ಕೆರೆಯಿಂದ ಸ್ವಲ್ಪ ಮುಂದೆ ಗ್ರಾನೈಟ್ ಕೊಯ್ದು ಪಾಲಿಶ್ ಹಾಕುವ ಕಾರ್ಖಾನೆ. ಹೆಡ್ ಆಫೀಸು ಜೆ.ಸಿ. ರೋಡಿನಲ್ಲಿ, ಯೂನಿಕ್ಸ್ ಕಂಪ್ಯೂಟರ್ ಇದ್ದದ್ದೂ ಅಲ್ಲೇ. ಗೊಟ್ಟಿಗೆರೆಯಲ್ಲಿ ಒಂದು ಹಳೆಯ ಪಿಸಿ, ಒಂದು ಮೋಡೆಮ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಪಿಸಿಗೆ ಪ್ರೋಕಾಮ್ ಎಂಬ ಪ್ರೋಗ್ರಾಮ್ ಹಾಕಿ ಅದು ವಿಟಿ102 ಟರ್ಮಿನಲ್ ಆಗಿ ಕೆಲಸ ಮಾಡುವಂತೆ ಮಾಡಿದ್ದರು. ಡಯಲ್ ಮಾಡಬೇಕು, ಲಾಗಿನ್ ಆಗಬೇಕು, ಲಾರಿ ಹೊರಡುವ ಮೊದಲು ಡೆಲಿವರಿ ಚಲನ್ ಪ್ರಿಂಟ್ ತೆಗೆಯಬೇಕು. ಅಷ್ಟೂ ಆಗುತ್ತಿರಲಿಲ್ಲ. ಒಂದು ದಿನ ಲಾಗಿನ್ನೇ ಬಿಡದು, ಬಿಟ್ಟ ದಿನ ಪ್ರಿಂಟ್ ಬಾರದು. ಲಾರಿ ಗೇಟಿನಲ್ಲಿ ನಿಂತೇ ಇರುತ್ತಿತ್ತು.

ಒಳಗೆ ಕಾಲಿಟ್ಟರೆ ಕಲ್ಲು ಕೊಯ್ಯುವ ಬ್ಲೇಡಿನ ಕೂಗು, ಎಲ್ಲೆಲ್ಲೂ ನೀರು, ಬಿಳಿ ಕೆಸರು. ಶೀಟು ಹೊದಿಸಿದ ಆಫೀಸ್ ಕೋಣೆಯಲ್ಲಿ ಮೋಡೆಮ್ ಮೇಲೂ ಕಲ್ಲುಪುಡಿಯ ಒಂದು ಪದರ. ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ ಮೇಡಂ ನಮ್ಮನ್ನು ಕಂಡ ಕೂಡಲೇ, “ಸಾರ್, ಹೆಸರು ಹೊಡೆದ್ರೆ ಕಾಣುತ್ತೆ. ಪಾಸ್‌ವರ್ಡ್ ಹೊಡೆದ್ರೆ ಒಂದಕ್ಷರಾನೂ ಕಾಣಲ್ಲ. ಕೀಬೋರ್ಡೇ ಕೆಟ್ಟಿರಬೇಕು” ಎಂದರು.

ಗುರುಗಳು ಕುರ್ಚಿ ಎಳೆದುಕೊಂಡು ನಿಧಾನವಾಗಿ ಹೇಳಿದರು: “ಕೀಬೋರ್ಡ್ ಚೆನ್ನಾಗೇ ಇದೆಯಮ್ಮ. ನೀವು ಹೊಡೆದ ಅಕ್ಷರ ನೇರವಾಗಿ ಈ ಸ್ಕ್ರೀನಿಗೆ ಬರಲ್ಲ. ಮೊದಲು ಜೆ.ಸಿ. ರೋಡಿಗೆ ಹೋಗುತ್ತೆ. ಅಲ್ಲಿಂದ ವಾಪಸ್ ಕಳಿಸಿದ್ರೆ ಮಾತ್ರ ಇಲ್ಲಿ ಕಾಣೋದು. ಪಾಸ್‌ವರ್ಡನ್ನ ಅದು ಇಟ್ಕೊಳ್ಳುತ್ತೆ, ವಾಪಸ್ ಕಳಿಸಲ್ಲ.”

ಮೇಡಂ ತಲೆಯಾಡಿಸಿದರು. ನಾನು ದಂಗಾಗಿದ್ದೆ. ಈ ವಿಷಯ ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ, ಆದರೆ ಆವತ್ತು ಆ ದಾರಿಯಲ್ಲೇ ಬಸ್ಸಿನಲ್ಲಿ ತೂಗಾಡಿಕೊಂಡು ಬಂದಿದ್ದೆನಲ್ಲ! ಲಾಗಿನ್ ಎದುರು ಒಂದು ಕೀ ಒತ್ತಿದೆ. ರೆಪ್ಪೆ ಬಡಿಯುವಷ್ಟು ತಡ, ಆಮೇಲೆ ಅಕ್ಷರ ಮೂಡಿತು. ಆ ತಡದಲ್ಲಿ ಬಹುಪಾಲು ಎರಡು ಮೋಡೆಮ್‌ಗಳದ್ದೇ. ತಂತಿಯಲ್ಲಿ ಹಿಡಿಯುವ ಹೊತ್ತು ಲೆಕ್ಕಕ್ಕೂ ಸಿಗದು. ಆದರೂ ಹುಳಿಮಾವು, ಅರಕೆರೆ, ಡೈರಿ ಸರ್ಕಲ್ ದಾಟಿ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿದ ಅಕ್ಷರವೊಂದು ನನ್ನ ಕಣ್ಣೆದುರಿಗಿತ್ತು. ಮತ್ತೆ ಒತ್ತಿದೆ. ಮತ್ತೆ ಬಂತು.

ಗುರುಗಳ ವಿದ್ಯೆಯೆಲ್ಲ ಈ ಹೋಗಿಬರುವ ಅಕ್ಷರದಲ್ಲೇ ಇತ್ತು. ಒಂದು ಕೀ ಒತ್ತಿದರೆ ಎರಡೆರಡು ಅಕ್ಷರ ಬಿತ್ತೋ, ಪಿಸಿ ತಾನೂ ಒಂದು ಬರೆಯುತ್ತಿದೆ, ಆ ಕಡೆಯದೂ ಬರುತ್ತಿದೆ. ಲೋಕಲ್ ಎಕೋ ಆಫ್ ಮಾಡಬೇಕು. ಏನೂ ಬರಲಿಲ್ಲವೋ, ಹೋದದ್ದು ತಲುಪಿಲ್ಲ ಅಥವಾ ಬರುವ ದಾರಿ ಕಡಿದಿದೆ. ಬಂದ ಅಕ್ಷರಗಳಲ್ಲಿ ಕೆಲವು ಸರಿ, ಕೆಲವು ಚಿತ್ರವಿಚಿತ್ರವಾಗಿದ್ದರೆ ಪ್ಯಾರಿಟಿ ಹೊಂದಿಲ್ಲ: ಒಂದು ಕಡೆ 7 ಬಿಟ್, ಇನ್ನೊಂದು ಕಡೆ 8. ಬ್ಲೇಡು ಚಾಲೂ ಆದಾಗ ಮಾತ್ರ ಕಸ ಬಂದರೆ ಫೋನಿನ ತಂತಿಯನ್ನು ಮೋಟಾರಿನ ಕೇಬಲ್ಲಿನಿಂದ ದೂರ ಎಳೆಯಬೇಕು. ಅಲ್ಲಿ ಹಾಗೇ ಮಾಡಿದೆವು. ಡಯಲ್ ಮಾಡುವುದರಲ್ಲೂ ಒಂದು ಸೂಕ್ಷ್ಮವಿತ್ತು. ಆ ಲೈನು ಟೋನ್ ಒಪ್ಪುತ್ತಿರಲಿಲ್ಲ. ಎಟಿಡಿಟಿ ಎನ್ನುವ ಕಡೆ ಎಟಿಡಿಪಿ ಎಂದು ಕೊಟ್ಟರೆ ಮೋಡೆಮ್ ಟಕಟಕ ಎಂದು ಎಣಿಸಿ ನಂಬರ್ ತಿರುಗಿಸುತ್ತಿತ್ತು.

ಯೂನಿಕ್ಸಿನ ಇನ್ನೊಂದು ಗುಣ ಆವತ್ತು ಕಂಡೆ. ಕ್ಯಾಪ್ಸ್ ಲಾಕ್ ಒತ್ತಿಕೊಂಡಿರುವಾಗ ಯಾರಾದರೂ ತಮ್ಮ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹೊಡೆದರೆ, ‘ಪಾಪ, ಇವರ ಹತ್ತಿರ ಇರುವುದು ಚಿಕ್ಕಕ್ಷರವೇ ಇಲ್ಲದ ಹಳೇ ಟೆಲಿಪ್ರಿಂಟರು’ ಎಂದುಕೊಂಡು ಅದೂ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯತೊಡಗುತ್ತಿತ್ತು. ಬಂದದ್ದನ್ನೆಲ್ಲ ಒಳಗೆ ಚಿಕ್ಕಕ್ಷರ ಮಾಡಿಕೊಳ್ಳುತ್ತಿತ್ತು ಬೇರೆ. ಪಾಸ್‌ವರ್ಡಿನಲ್ಲಿ ಒಂದೇ ಒಂದು ದೊಡ್ಡಕ್ಷರವಿದ್ದರೂ ಸಾಕು, ಲಾಗಿನ್ ಇನ್‌ಕರೆಕ್ಟ್. ಟೆಲಿಟೈಪ್ 33ರಂಥ ಯಂತ್ರಗಳ ಕಾಲದ ಸೌಜನ್ಯವನ್ನು ಅದು ಗೊಟ್ಟಿಗೆರೆಯವರೆಗೂ ಉಳಿಸಿಕೊಂಡು ಬಂದಿತ್ತು!

ಇವೆಲ್ಲ ಸಣ್ಣವು. ದೊಡ್ಡದು ಮಧ್ಯಾಹ್ನ ಸಿಕ್ಕಿತು. ಮತ್ತೆ ಡಯಲ್ ಮಾಡಿದೆವು, ಮೋಡೆಮ್ ಕೂಗಿ ಹಿಡಿದುಕೊಂಡಿತು. ಲಾಗಿನ್ ಎಂದು ಕೇಳಬೇಕಾದ ಕಡೆ ಅರ್ಧ ತುಂಬಿದ ಒಂದು ಇನ್‌ವಾಯ್ಸು! ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ನೋಡಿದರೆ ಅದು ಕಾರ್ಖಾನೆಯವರದೇ ಬೇರೊಂದು ಗೋಡೌನಿನ ಗುಮಾಸ್ತರದು. ಅವರ ಲೈನು ಮಧ್ಯದಲ್ಲಿ ಕಡಿದಿತ್ತು. ಯೂನಿಕ್ಸಿಗೆ ಅದು ಗೊತ್ತೇ ಆಗಿರಲಿಲ್ಲ. ಅವರು ಇನ್ನೂ ಕೂತಿದ್ದಾರೆಂದೇ ಭಾವಿಸಿ ಕರ್ಸರ್ ಮಿಣುಕಿಸುತ್ತಾ ಕಾದಿತ್ತು. ಆ ಜಾಗಕ್ಕೆ ನಾವು ಬಂದು ಕೂತೆವು.

ಗುರುಗಳು ಒಂದಕ್ಷರವನ್ನೂ ಮುಟ್ಟದೆ ಹೊರಬಂದರು. “ಕೇಬಲ್ಲು” ಎಂದರು. “ಮೂರೇ ತಂತಿ ಹಾಕಿದ್ದಾರೆ.”

ಸಂಜೆ ಜೆ.ಸಿ. ರೋಡಿಗೆ ಹೋಗಿ 25 ಪಿನ್ನಿನ ಆ ಕನೆಕ್ಟರ್ ಬಿಚ್ಚಿದಾಗ ಅವರ ಮಾತು ನಿಜವಾಗಿತ್ತು. 2 ಕಳಿಸುವುದಕ್ಕೆ, 3 ಬರಮಾಡಿಕೊಳ್ಳುವುದಕ್ಕೆ, 7 ಗ್ರೌಂಡು. ಮಾತಾಡಲು ಇಷ್ಟು ಸಾಕು. ಆದರೆ ಆ ಕಡೆಯವರು ಹೊರಟುಹೋದರೆಂದು ಮೋಡೆಮ್ ತಿಳಿಸುವುದು 8ನೇ ಪಿನ್ನಿನಲ್ಲಿ, ಹಾಗಾದರೆ ಫೋನ್ ಇಡು ಎಂದು ಕಂಪ್ಯೂಟರ್ ಹೇಳುವುದು 20ನೇ ಪಿನ್ನಿನಲ್ಲಿ. ಎರಡಕ್ಕೂ ತಂತಿಯೇ ಇರಲಿಲ್ಲ. ಬೆಸುಗೆ ಹಾಕಿದೆವು, ಮೋಡೆಮ್‌ನ ಸೆಟ್ಟಿಂಗನ್ನೂ ಯೂನಿಕ್ಸ್ ಪೋರ್ಟಿನ ಸೆಟ್ಟಿಂಗನ್ನೂ ಅದಕ್ಕೆ ಹೊಂದಿಸಿದೆವು. ಲಾಗಿನ್ ಬಿಡದ ದಿನಗಳ ಕಾರಣವೂ ಅಲ್ಲೇ ಇತ್ತು: ಹೋದವರು ಹೋಗಿಲ್ಲವೆಂದುಕೊಂಡ ಯೂನಿಕ್ಸು ಬಾಗಿಲು ಹಾಕಿಕೊಂಡೇ ಇರುತ್ತಿತ್ತು. ಎರಡು ತುಂಡು ತಂತಿಯ ಮೇಲೆ ಲಾರಿಯೊಂದು ನಿಂತಿತ್ತೆಂಬುದು ನನಗೆ ಈಗಲೂ ಮೈನವಿರೇಳಿಸುವ ಸಂಗತಿ.

ಮತ್ತೆ ಗೊಟ್ಟಿಗೆರೆಗೆ ಹೋದಾಗ ಕೈಗೆತ್ತಿಕೊಂಡ ಪ್ರಿಂಟಿನ ಕಥೆ ಇದಕ್ಕಿಂತ ಚೆಂದ. ಜೆ.ಸಿ. ರೋಡಿನ ಕಂಪ್ಯೂಟರಿಗೆ ಗೊಟ್ಟಿಗೆರೆಯ ಪ್ರಿಂಟರ್ ಇದೆಯೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಟರ್ಮಿನಲ್ ಒಂದೇ. ಹಾಗಾಗಿ ಅದು ಪರದೆಗೆ ಕಳಿಸುವ ಅಕ್ಷರಗಳ ನಡುವೆ ಒಂದು ಗುಟ್ಟಿನ ಸನ್ನೆ ಸೇರಿಸುತ್ತದೆ: ಎಸ್ಕೇಪ್, ಚೌಕ ಆವರಣ, 5, ಐ. ಅಲ್ಲಿಂದ ಮುಂದೆ ಬಂದದ್ದೆಲ್ಲ ಪರದೆ ಬಿಟ್ಟು ಕಾಗದಕ್ಕೆ. ಮತ್ತೆ ಎಸ್ಕೇಪ್, ಚೌಕ ಆವರಣ, 4, ಐ ಬಂದರೆ ಮರಳಿ ಪರದೆಗೆ. ವಿಟಿ102 ಎಂದು ಇಟ್ಟಿದ್ದ ಸೆಟ್ಟಿಂಗನ್ನು ಯಾರೋ ಬದಲಿಸಿದ್ದರಿಂದ ಪಿಸಿಗೆ ಆ ಸನ್ನೆ ಅರ್ಥವಾಗದೆ ಚಲನ್ ಪೂರ್ತಿ ಪರದೆ ಮೇಲೇ ಓಡಿಹೋಗುತ್ತಿತ್ತು. ಅದನ್ನು ಸರಿಮಾಡಿದರೆ ಕಾಗದದ ಮೇಲೆ ನಾಲ್ಕೈದು ಸಾಲು ಸರಿಯಾಗಿ ಬಂದು ನಡುವೆ ಸಾಲುಗಳೇ ಮಾಯ.

ಲೆಕ್ಕ ಹಾಕಿ ನೋಡಿ. 2400 ಬಿಟ್ಟಿನ ಮೋಡೆಮ್ ಸೆಕೆಂಡಿಗೆ 240 ಅಕ್ಷರ ತರುತ್ತದೆ. ಆ ಪ್ರಿಂಟರ್ ಎಷ್ಟೇ ಅವಸರದಲ್ಲಿ ಹೊಡೆದರೂ ಇನ್ನೂರು ಮುಟ್ಟುತ್ತಿರಲಿಲ್ಲ. ಬೆಂಗಳೂರಿನಿಂದ ಬರುವ ಅಕ್ಷರ ಒಂದು ಮಾರು ದೂರದ ಸೂಜಿಗಿಂತ ಮುಂದೆ! ಆಗ ಪಿಸಿ ಕಂಟ್ರೋಲ್-ಎಸ್ ಎಂಬ ಅಕ್ಷರ ಕಳಿಸಿ ತಡೆಯಬೇಕು, ಪ್ರಿಂಟರ್ ಸುಧಾರಿಸಿಕೊಂಡ ಮೇಲೆ ಕಂಟ್ರೋಲ್-ಕ್ಯೂ ಕಳಿಸಿ ಬಿಡಬೇಕು. ನಮ್ಮ ಬಸ್ಸಿನ ಕಂಡಕ್ಟರ್ ಹೋಲ್ಡಾನ್, ರೈಟ್ ಅನ್ನುತ್ತಾರಲ್ಲ, ಅದೇ. ಆ ಪೋರ್ಟಿನಲ್ಲಿ ಯೂನಿಕ್ಸಿಗೆ ಅದಕ್ಕೆ ಕಿವಿಗೊಡು ಎಂದು ಯಾರೂ ಹೇಳಿರಲಿಲ್ಲ. ಒಂದು ಸಾಲಿನ ಆಜ್ಞೆ, ಹೇಳಿದೆವು. ಲೈನಿನ ಗಲಾಟೆಯೇ ಕೆಲವೊಮ್ಮೆ ಅಕಸ್ಮಾತ್ತಾಗಿ ಕಂಟ್ರೋಲ್-ಎಸ್ ಆಗಿಬಿಡುವುದೂ ಉಂಟು. ಆಗ ಎಲ್ಲ ಸ್ತಬ್ಧ. ಕಂಪ್ಯೂಟರ್ ಸತ್ತಿತೆಂದು ಸ್ವಿಚ್ ಆರಿಸುವ ಮೊದಲು ಕಂಟ್ರೋಲ್-ಕ್ಯೂ ಒತ್ತಿ ನೋಡಿ ಎಂದು ಗುರುಗಳು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ ಬಂದರು.

ಕೊನೆಗೆ ಚಲನ್ ಬಂತು. ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತಿದ್ದವು. ಕೆಳಗಿಳಿ ಎಂಬ ಸಂಕೇತದ ಜೊತೆಗೆ ಎಡಕ್ಕೆ ಬಾ ಎಂಬುದೂ ಬೇಕಿತ್ತು. ಅದನ್ನೂ ಸೇರಿಸಿದ ಮೇಲೆ ನೆಟ್ಟಗಾಯಿತು. ರಿಬ್ಬನ್ನಿನ ಮಸಿ ಆರದ ಕಾಗದವನ್ನು ಲಾರಿ ಡ್ರೈವರ್ ಹರಿದುಕೊಂಡು ಹೋದರು. ಕಲ್ಲು ಗೊಟ್ಟಿಗೆರೆಯದು, ಅದರ ಲೆಕ್ಕ ಜೆ.ಸಿ. ರೋಡಿನಿಂದ ಅದೇ ಕ್ಷಣ ಬಂದದ್ದು.

ವಾಪಸ್ ಬರುವ ಬಸ್ಸಿನಲ್ಲಿ ಕನ್ನಡದ ಮಾತೆತ್ತಿದೆ. ಕೂಲಿ ಚೀಟಿ ಕನ್ನಡದಲ್ಲಿ ಪ್ರಿಂಟ್ ಆದರೆ ಎಷ್ಟು ಒಳ್ಳೆಯದು, ಪಿಸಿಯಲ್ಲಿ ಕನ್ನಡ ತರುವ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇದೆಯಲ್ಲ ಎಂದೆ. ಗುರುಗಳು ಟಿಕೆಟ್ಟಿನ ಹಿಂದೆ ಬರೆದು ತೋರಿಸಿದರು. ಭಾರತೀಯ ಲಿಪಿಗಳ 1991ರ ಇಸ್ಕಿ ಸಂಕೇತದಲ್ಲಿ ‘ಗ’ ಎಂದರೆ 181. ಲೈನು 7 ಬಿಟ್ಟಿನದಾದರೆ ಮೇಲಿನ 128 ಉದುರಿಹೋಗುತ್ತದೆ, ಉಳಿಯುವುದು 53. ಅದು ಇಂಗ್ಲಿಷ್ ಸಂಕೇತದಲ್ಲಿ 5 ಎಂಬ ಅಂಕಿ. ಗೊಟ್ಟಿಗೆರೆ ಎಂದು ಕಳಿಸಿದರೆ 5ರಿಂದ ಶುರುವಾಗುವ ಏನೋ ಒಂದು ತಲುಪುತ್ತದೆ. ‘ಕ’ ಕಳಿಸಿದರೆ 3. ಕನ್ನಡ ಇಡಿಯಾಗಿ ಆ ಎಂಟನೇ ಬಿಟ್ಟಿನ ಮೇಲೆ ನಿಂತಿದೆ. ಅಂದಿನಿಂದ ಎಲ್ಲಿ 7 ಬಿಟ್ಟಿನ ಲೈನು ಕಂಡರೂ ನನಗೆ ಹೊಟ್ಟೆಯುರಿ. 8 ಸಾಧ್ಯವಿರುವ ಕಡೆ 7 ಬಿಟ್ಟು ಬಂದವನಲ್ಲ ನಾನು.

ದೂರದ ಯಂತ್ರಕ್ಕೆ ತಂತಿಯಲ್ಲಿ ಅಕ್ಷರ ಹೋಗಿಬರುವ ಈ ದಾರಿ ತೆರೆದದ್ದು 1940ರ ಸೆಪ್ಟೆಂಬರ್ 11ರಂದು. ಜಾರ್ಜ್ ಸ್ಟಿಬಿಟ್ಜ್ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಒಂದು ಟೆಲಿಟೈಪ್ ಇಟ್ಟು, ನ್ಯೂಯಾರ್ಕಿನಲ್ಲಿದ್ದ ಲೆಕ್ಕದ ಯಂತ್ರಕ್ಕೆ ತಂತಿಯ ಮೂಲಕ ಪ್ರಶ್ನೆ ಕಳಿಸಿ ಉತ್ತರವನ್ನು ಕಾಗದದ ಮೇಲೆ ತರಿಸಿದರು. ಅಲ್ಲಿ ನಡೆದ ಗಣಿತಜ್ಞರ ಸಭೆಯಲ್ಲಿದ್ದ ನಾರ್ಬರ್ಟ್ ವೀನರ್, ಜಾನ್ ಮಾಕ್ಲಿ ತಾವೂ ಕೂತು ಕೀ ಒತ್ತಿ ನೋಡಿದರಂತೆ. ನಮ್ಮಲ್ಲಿ ಆ ತಂತಿಗೆ ನೆಲ ಹದಮಾಡಿದವರು 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆಯ ಕಾರ್ಮಿಕರು. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ, ಏಸಿ ಬೇಡದ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ನಿಂತದ್ದು ನಮ್ಮ ಕಿತ್ತೂರಿನಲ್ಲೇ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆದ ಮೇಲೆ ಅಕ್ಷರ ಮಾತ್ರ ತೋರಿಸುವ ಶೆಲ್ ಅಕೌಂಟಿನ ಹುಡುಗರು ಮೇಲ್ ಪ್ರೋಗ್ರಾಮ್ ಪೈನ್‌ನಲ್ಲಿ ಬಂದ ಇಮೇಲನ್ನು ಮನೆಯ ಪ್ರಿಂಟರಿನಲ್ಲಿ ತೆಗೆಯುತ್ತಿದ್ದದ್ದೂ ಅದೇ 5, ಐ ಸನ್ನೆಯಿಂದ.

ಗೊಟ್ಟಿಗೆರೆಯಲ್ಲಿ ಈಗ ನೈಸ್ ರಸ್ತೆ ಅಡ್ಡ ಹಾಯ್ದಿದೆ, ಮೆಟ್ರೋ ಕಂಬಗಳು ಕಾಳೇನ ಅಗ್ರಹಾರದವರೆಗೆ ಬಂದಿವೆ, ಕೇಬಲ್ಲುಗಳು ನೆಲದೊಳಗೆ. ದೂರದ ಸರ್ವರಿಗೆ ಲಾಗಿನ್ ಆಗುವ ಇಂದಿನ ಹುಡುಗರು ಒತ್ತಿದ ಅಕ್ಷರವೂ ಹೋಗಿಯೇ ಬರುತ್ತದೆ, ಪಾಸ್‌ವರ್ಡ್ ಇಂದಿಗೂ ವಾಪಸ್ ಬರುವುದಿಲ್ಲ. ಆದರೆ ಆ ದಾರಿಯನ್ನು ಪಿನ್ನು ಪಿನ್ನಾಗಿ ಬಲ್ಲ ಲೈನ್‌ಮನ್‌ಗಳು, ಸರ್ವಿಸ್ ಎಂಜಿನಿಯರುಗಳು ನಿವೃತ್ತರಾಗಿ ಜಯನಗರ, ಬನಶಂಕರಿ, ದೂರವಾಣಿನಗರದ ಮನೆಗಳಲ್ಲಿದ್ದಾರೆ. ಯಾವ ಎಕ್ಸ್‌ಚೇಂಜಿಗೆ ಯಾವ ಡಯಲ್, ಯಾವ ಪ್ರಿಂಟರಿಗೆ ಯಾವ ಸ್ವಿಚ್ಚು ಎಂದು ಅವರು ಬರೆದಿಟ್ಟ ನೋಟ್‌ಬುಕ್ಕುಗಳು ಅಟ್ಟದ ಮೇಲಿವೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ಹಳೇ ಪೇಪರಿನವರಿಗೆ ಹಾಕಬೇಡಿ. ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಪುಟವೂ ಏನೆಂದು ಕೇಳಿ ಬರೆದುಕೊಳ್ಳಿ.